ಸರ್ಕಲ್ಲಲ್ಲಿ ತಪ್ಪು ಯಾರದ್ದು?

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ, ಮೈಸೂರಿನ ಒಂದು ಬಡಾವಣೆಯ ಸರ್ಕಲ್ಲಲ್ಲಿ, ನನ್ನ ಕಾರಿನ ಎಡಗಡೆ ಹಿಂದಿನ ಬಾಗಿಲಿಗೆ ಹಳೇ ಮಾರುತಿ 800 ಒಂದು ಬಂದು ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಬಾಗಿಲು ಒಳಕ್ಕೆ ಹೋಯ್ತು, ಆ ಕಾರಿನ ಹೆಡ್‌ಲೈಟ್ ಒಡೀತು, ಅಷ್ಟೇ. ಅಕ್ಕನ ಮನೆಯಿಂದ ಹೊರಟು ಬೆಂಗಳೂರಿಗೆ ವಾಪಸ್ ಬರ್ತಿದ್ದೆ. ಸರ್ಕಲ್ ಮುಕ್ಕಾಲು ಸುತ್ತಿ ಆಗಿತ್ತು, ಇನ್ನೇನು ನನ್ನ ರಸ್ತೆಗೆ ಹೊರಳಬೇಕು, ಎಡಗಡೆಯ ರಸ್ತೆಯಿಂದ ಆ ಕಾರು ನೇರ ಒಳಗೆ ನುಗ್ಗಿತು.

ಇಳಿದವರು ಎಪ್ಪತ್ತು ದಾಟಿದ ಹಿರಿಯರು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಲ್ಲಿ ಪೆನ್ನು.

"ಏನಪ್ಪಾ, ಮೈನ್ ರೋಡಲ್ಲಿ ಬರೋರನ್ನ ನೋಡ್ಕೊಂಡು ಬರಬಾರ್ದಾ?"

"ಸಾರ್, ನಾನು ಆಗಲೇ ಸರ್ಕಲ್ ಒಳಗಿದ್ದೆ. ನೀವು ನಿಲ್ಲಿಸಬೇಕಿತ್ತು."

"ನಾನ್ಯಾಕೆ ನಿಲ್ಲಿಸ್ಲಿ? ಮೂವತ್ತು ವರ್ಷದಿಂದ ಇದೇ ರೋಡಲ್ಲಿ ನೇರವಾಗಿ ಹೋಗ್ತಾ ಇದೀನಿ. ನೀನು ಕ್ರಾಸ್ ರೋಡಿಂದ ಬಂದೋನು."

ಐದು ನಿಮಿಷದಲ್ಲಿ ಪಂಚಾಯ್ತಿ ಸೇರಿತು. ಗುದ್ದಿದವರದ್ದೇ ತಪ್ಪು ಅಂತ ಆಟೋದವರು. ದೊಡ್ಡ ಗಾಡಿಯವರು ಹುಷಾರಾಗಿರಬೇಕಲ್ವಾ ಅಂತ ಸ್ಕೂಟರಿನವರು. ಕೊನೆಗೆ ಎಳನೀರಿನವರು ಮಚ್ಚು ಕೆಳಗಿಟ್ಟು ತೀರ್ಪು ಕೊಟ್ಟರು: "ಇಬ್ಬರದ್ದೂ ತಪ್ಪು ಬಿಡಿ ಸಾರ್. ನಿಮ್ಮದು ನೀವು ಮಾಡಿಸ್ಕೊಳ್ಳಿ, ಅವರದ್ದು ಅವರು ಮಾಡಿಸ್ಕೊಳ್ಳಲಿ." ಎಲ್ಲರೂ ತಲೆಯಾಡಿಸಿದರು. ಹಿರಿಯರು ನನ್ನ ನಂಬರ್ ತಗೊಂಡರು, ನಾನು ಅವರದ್ದು ತಗೊಂಡೆ.

ದಾರಿಯುದ್ದಕ್ಕೂ ಒಳಗೊಳಗೇ ಕುದೀತಾ ಬಂದೆ. ಬಾಗಿಲು ಹೋಯ್ತಲ್ಲ ಅಂತಲ್ಲ. ತಪ್ಪು ಅವರದ್ದೇ ಅಂತ ನನಗೆ ನೂರಕ್ಕೆ ನೂರು ಗ್ಯಾರಂಟಿ ಇತ್ತು, ಆದರೆ ಯಾವ ನಿಯಮದ ಪ್ರಕಾರ ಅಂತ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಲೈಸೆನ್ಸ್ ಸಿಕ್ಕಿ ಹನ್ನೆರಡು ವರ್ಷ ಆಗಿದೆ. ಆಫೀಸಲ್ಲಿ ಜೂನಿಯರ್ ಹುಡುಗರು ಕೋಡ್ ಬರೆದು "ಸರಿಯಾಗೇ ಇದೆ" ಅಂದರೆ "ಸ್ಪೆಸಿಫಿಕೇಶನ್ ತೋರ್ಸು" ಅನ್ನೋನು ನಾನು. ಆವತ್ತು ರಾತ್ರಿ ಸ್ಪೆಸಿಫಿಕೇಶನ್ ಹುಡುಕೋಕೆ ಕೂತೆ. ಅದು ನೂರು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯ್ತು.

ಅದಕ್ಕೂ ಮುಂಚೆ ನಮ್ಮೂರಿನ ಒಂದು ಮಾತು. ನಮ್ಮ ಕಡೆ ಸರ್ಕಲ್ ಇರಲಿಲ್ಲ, ಗಾಡಿ ದಾರಿ ಇತ್ತು. ಎರಡೂ ಬದಿ ಗದ್ದೆ, ನಡುವೆ ಒಂದೇ ಗಾಡಿ ಹೋಗುವಷ್ಟು ಜಾಗ. ಎದುರುಬದುರು ಎರಡು ಎತ್ತಿನ ಗಾಡಿ ಬಂದರೆ ಖಾಲಿ ಗಾಡಿಯವನು ಪಕ್ಕಕ್ಕೆ ಇಳಿಸಬೇಕು, ಕಬ್ಬು ಹೇರಿದ ಗಾಡಿ ಮುಂದೆ ಹೋಗಬೇಕು. ಹೇರು ಹೊತ್ತ ಗಾಡಿ ಹಳ್ಳಕ್ಕೆ ಇಳಿದರೆ ಎತ್ತುಗಳು ಮೇಲೆ ಎಳೆಯೋಕೆ ಆಗಲ್ಲ, ಅದಕ್ಕೆ. ಇದನ್ನ ಯಾರೂ ಬರೆದಿರಲಿಲ್ಲ, ಯಾರೂ ಮರೆತೂ ಇರಲಿಲ್ಲ. ಹಾಗಾಗಿ ಜಗಳ ಆದರೆ ತಪ್ಪು ಯಾರದ್ದು ಅಂತ ಹೇಳೋಕೆ ಅರ್ಧ ನಿಮಿಷ ಸಾಕಾಗ್ತಿತ್ತು. ಯಾರು ಮೊದಲು ಹೋಗಬೇಕು ಅನ್ನೋದು ಮೊದಲು ತೀರ್ಮಾನ ಆಗಿರಬೇಕು, ಆಮೇಲೇ ತಪ್ಪು ಅನ್ನೋ ಮಾತಿಗೆ ಅರ್ಥ. ಸರ್ಕಲ್ಲಿನ ಕಥೆ ಏನಪ್ಪಾ ಅಂದ್ರೆ, ಸರ್ಕಲ್ ಮೊದಲು ಬಂತು, ಈ ತೀರ್ಮಾನ ಬರೋಕೆ ಅರವತ್ತು ವರ್ಷ ಹಿಡೀತು.

ದುಂಡಗಿನ ಚೌಕಗಳು ಕಾರಿಗಿಂತ ಹಳೆಯವು. ಊರು ಚೆಂದ ಕಾಣಲಿ, ನಡುವೆ ಪ್ರತಿಮೆಯೋ ಕಾರಂಜಿಯೋ ಇರಲಿ ಅಂತ ಕಟ್ಟಿದವು. ನಮ್ಮ ಮೈಸೂರನ್ನೇ ನೋಡಿ. ಚಾಮರಾಜ ಸರ್ಕಲ್, ಕೆ.ಆರ್. ಸರ್ಕಲ್ ಎರಡೂ ಮಹಾರಾಜರನ್ನು ನಿಲ್ಲಿಸೋಕೆ ಇರುವ ಜಾಗಗಳು, ಟ್ರಾಫಿಕ್ ಆಮೇಲೆ ಸುತ್ತಿಕೊಂಡಿತು. ಅಂಥಾ ಜಾಗದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸುತ್ತಲಿ ಅಂತ ನಿಯಮ ತಂದ ಮೊದಲಿಗರಲ್ಲಿ ಒಬ್ಬ ನ್ಯೂಯಾರ್ಕಿನ ವಿಲಿಯಂ ಫೆಲ್ಪ್ಸ್ ಈನೋ. ಶ್ರೀಮಂತರ ಮನೆಯವನು. ಚಿಕ್ಕ ಹುಡುಗನಾಗಿದ್ದಾಗ ಅಮ್ಮನ ಜೊತೆ ಕುದುರೆಗಾಡಿಯಲ್ಲಿ ಹೋಗುವಾಗ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದನ್ನ ಜೀವನಪೂರ್ತಿ ಮರೆಯಲಿಲ್ಲ. 1903ರಲ್ಲಿ ನ್ಯೂಯಾರ್ಕಿಗೆ ಸಂಚಾರ ನಿಯಮ ಬರೆದುಕೊಟ್ಟ, 1905ರಲ್ಲಿ ಕೊಲಂಬಸ್ ಸರ್ಕಲ್ಲಲ್ಲಿ ಒಂದೇ ದಿಕ್ಕಿನ ಸುತ್ತು ತಂದ. ಸಂಚಾರ ಸುರಕ್ಷತೆಯ ಪಿತಾಮಹ ಅಂತ ಕರೆಸಿಕೊಂಡ ಈ ಮನುಷ್ಯ ಕಾರು ಓಡಿಸೋದನ್ನ ಕಲಿಯಲೇ ಇಲ್ಲವಂತೆ. ಸುಮಾರು ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಯುಜೀನ್ ಎನಾರ್ ಅನ್ನೋ ವಾಸ್ತುಶಿಲ್ಪಿಗೂ ಇದೇ ಯೋಚನೆ ಬಂತು. ಹನ್ನೆರಡು ರಸ್ತೆ ಬಂದು ಸೇರುವ ಪ್ಲಾಸ್ ದ ಲೆತ್ವಾಲ್, ಅಂದರೆ ಆರ್ಕ್ ದ ತ್ರಿಯಾಂಫ್ ಇರುವ ಸರ್ಕಲ್ಲು, 1907ರಲ್ಲಿ ಒಂದೇ ದಿಕ್ಕಿಗೆ ಸುತ್ತತೊಡಗಿತು. ಇಂಗ್ಲೆಂಡಿನ ಮೊದಲನೆಯದು ಲೆಚ್‌ವರ್ತ್ ಅನ್ನೋ ಊರಲ್ಲಿ 1909ರ ಸುಮಾರಿಗೆ ಬಂತು. ಅಲ್ಲಿ ಶುರುವಿನಲ್ಲಿ ಯಾವ ಕಡೆಯಿಂದ ಸುತ್ತಬೇಕು ಅನ್ನೋದೂ ಜನರ ಇಷ್ಟ, ಎಡಕ್ಕೆ ಹೋಗಿ ಅನ್ನೋ ಬೋರ್ಡ್ ಬಂದಿದ್ದು ವರ್ಷಗಳ ಮೇಲೆ.

ದಿಕ್ಕು ಸರಿ ಆಯ್ತು. ಆದರೆ ಒಳಗಿರುವವನು ಮೊದಲೋ, ಒಳಗೆ ಬರುವವನು ಮೊದಲೋ? ಇದನ್ನ ಯಾರೂ ಕೇಳಿದ ಹಾಗೆ ಕಾಣಲ್ಲ. ಮಾಮೂಲಿ ಕ್ರಾಸ್ ರೋಡಿಗೆ ಇದ್ದ ನಿಯಮವನ್ನೇ ಇಲ್ಲಿಗೂ ಹಚ್ಚಿದರು. ಫ್ರಾನ್ಸಿನಲ್ಲೂ ಅಮೆರಿಕದ ಬಹಳ ಕಡೆಯೂ ಆ ನಿಯಮ ಒಂದೇ ಸಾಲು: ಬಲಗಡೆಯಿಂದ ಬರುವವನಿಗೆ ದಾರಿ ಬಿಡು.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಒಂದು ಹಾಳೆ ಮೇಲೆ ಸರ್ಕಲ್ ಬರೆದುಕೊಳ್ಳಿ. ಅವರು ರಸ್ತೆಯ ಬಲಬದಿಯಲ್ಲಿ ಓಡಿಸೋರು, ಹಾಗಾಗಿ ಸುತ್ತೋದು ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕಿಗೆ. ಹೊರಗಿನಿಂದ ಬರುವ ಗಾಡಿ ಒಳಗೆ ಸುತ್ತುತ್ತಿರುವವನ ಬಲಗಡೆಗೆ ಕಾಣಿಸಿಕೊಳ್ಳುತ್ತೆ. ಬಲಗಡೆಯವನಿಗೆ ದಾರಿ ಅಂದರೆ ಒಳಗಿರುವವನು ನಿಲ್ಲಬೇಕು, ಬರುವವನು ನುಗ್ಗಬೇಕು. ನುಗ್ಗಿದವನು ಮುಂದಿನ ರಸ್ತೆಯ ಬಾಯಿಯಲ್ಲಿ ತಾನೂ ನಿಲ್ಲಬೇಕು. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಸ್ವಲ್ಪ ಹೊತ್ತಿಗೆ ಸರ್ಕಲ್ ಪೂರ್ತಿ ತುಂಬಿ, ಹೊರಗೆ ಹೋಗಬೇಕಾದವನಿಗೆ ದಾರಿ ಇಲ್ಲ, ಅವನು ಹೋಗದೆ ಇನ್ಯಾರಿಗೂ ಜಾಗ ಇಲ್ಲ. ನಮ್ಮ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತಿರೋ ಕಾಯಿಲೆ, ಡೆಡ್‌ಲಾಕ್. ಎರಡು ಥ್ರೆಡ್ಡುಗಳು ಒಬ್ಬರ ಕೈಯಲ್ಲಿರೋದಕ್ಕೆ ಇನ್ನೊಬ್ಬರು ಕಾಯ್ತಾ ಕೂತು ಸರ್ವರ್ ಗರ ಬಡಿದಂಗೆ ನಿಲ್ಲೋದು. ಟ್ರಾಫಿಕ್ ಜಾಸ್ತಿಯಾದ ಹಾಗೆ ಅಮೆರಿಕದವರಿಗೆ ಸರ್ಕಲ್ ಅಂದರೇ ಬೇಜಾರು ಬಂದುಹೋಯ್ತು. 1950ರ ಹೊತ್ತಿಗೆ ಅಲ್ಲಿ ಹೊಸದಾಗಿ ಕಟ್ಟೋದೇ ಹೆಚ್ಚುಕಮ್ಮಿ ನಿಂತಿತ್ತು. ದೋಷ ವೃತ್ತದ್ದಲ್ಲ, ನಿಯಮದ್ದು ಅಂತ ಗೊತ್ತಾಗೋಕೆ ಇನ್ನೊಂದು ದೇಶ ಬೇಕಾಯ್ತು.

ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ಅಲ್ಲಿ ಬಲಗಡೆ ಎಡಗಡೆ ಯಾವ ನಿಯಮವೂ ಇರಲಿಲ್ಲ, ಎಲ್ಲಾ ಮರ್ಯಾದೆ ಮೇಲೆ ನಡೀತಿತ್ತು. ಮರ್ಯಾದಸ್ಥರ ದೇಶ ಅಂತಾರಲ್ಲ, ಆ ಮರ್ಯಾದೆಯೂ ಸಂಜೆ ಐದೂವರೆಯ ಟ್ರಾಫಿಕ್ಕಿನಲ್ಲಿ ಕರಗಿಹೋಗ್ತಿತ್ತು. ಎಂಜಿನಿಯರುಗಳು ಸರ್ಕಲ್ಲನ್ನ ದೊಡ್ಡದು ಮಾಡ್ತಾ ಹೋದರು. ಗಾಡಿಗಳು ಒಂದರ ಪಕ್ಕ ಒಂದು ಓಡ್ತಾ, ಜಡೆ ಹೆಣೆದ ಹಾಗೆ ಲೇನ್ ಬದಲಿಸಿಕೊಳ್ಳಲಿ ಅನ್ನೋದು ಲೆಕ್ಕಾಚಾರ. ದೊಡ್ಡದಾದಷ್ಟೂ ವೇಗ ಜಾಸ್ತಿ, ವೇಗ ಜಾಸ್ತಿಯಾದಷ್ಟೂ ಗುದ್ದಾಟ ಜಾಸ್ತಿ. ಲಾಕ್ ಆಗೋದು ಮಾತ್ರ ತಪ್ಪಲಿಲ್ಲ.

ಇಲ್ಲಿ ಬರ್ತಾನೆ ಫ್ರಾಂಕ್ ಬ್ಲ್ಯಾಕ್‌ಮೋರ್. ವಾಯುಪಡೆಯಲ್ಲಿದ್ದು ಬಂದವನು, ಸರ್ಕಾರಿ ರಸ್ತೆ ಸಂಶೋಧನಾಲಯದಲ್ಲಿ ಎಂಜಿನಿಯರ್. ಸಂಶೋಧನಾಲಯದ ಟ್ರ್ಯಾಕಿನಲ್ಲಿ, ಆಮೇಲೆ ನಿಜವಾದ ರಸ್ತೆಗಳಲ್ಲಿ ಗಾಡಿ ಬಿಟ್ಟು ನೋಡಿದ ಅವನೂ ಅವನ ಜೊತೆಗಾರರೂ ಕಂಡುಕೊಂಡಿದ್ದು ಇಷ್ಟೇ: ಒಳಗಿರುವವನು ಯಾರಿಗೂ ನಿಲ್ಲಬಾರದು, ಬರುವವನು ಕಾಯಬೇಕು, ಸಂದಿ ಸಿಕ್ಕಾಗ ಸೇರಿಕೊಳ್ಳಬೇಕು. ಒಳಗಿದ್ದವನು ನಿಲ್ಲದಿದ್ದರೆ ಹೊರಗೆ ಹೋಗ್ತಾನೆ, ಅವನು ಹೋದರೆ ಜಾಗ ಆಗುತ್ತೆ, ಅಲ್ಲಿಗೆ ಲಾಕ್ ಅನ್ನೋ ಮಾತೇ ಇಲ್ಲ. 1966ರ ನವೆಂಬರಿನಲ್ಲಿ ಇದು ಇಡೀ ಬ್ರಿಟನ್ನಿಗೆ ನಿಯಮವಾಯ್ತು. ಕಾಯುವ ಹೊತ್ತೂ ಇಳೀತು, ಅಪಘಾತವೂ ಇಳೀತು. ದೊಡ್ಡ ಸರ್ಕಲ್ಲಿನ ಅಗತ್ಯವೇ ಇಲ್ಲ ಅಂತ ಗೊತ್ತಾದ ಮೇಲೆ ಬ್ಲ್ಯಾಕ್‌ಮೋರ್‌ಗೆ ಹುಮ್ಮಸ್ಸು ಬಂತು. ರಸ್ತೆ ನಡುವೆ ಒಂದು ಬಿಳಿ ಬೊಟ್ಟು ಬಳಿದರೂ ಸಾಕು ಅನ್ನೋ ಮಿನಿ ಸರ್ಕಲ್ಲುಗಳು ಬಂದವು. 1972ರಲ್ಲಿ ಸ್ವಿಂಡನ್ ಊರಿನಲ್ಲಿ ಐದು ಮಿನಿ ಸರ್ಕಲ್ಲುಗಳನ್ನ ಒಂದರ ಸುತ್ತ ಒಂದು ಜೋಡಿಸಿ, ನಡುವಿನದ್ದನ್ನ ಉಲ್ಟಾ ಸುತ್ತಿಸಿದ. ಚಿತ್ರ ನೋಡಿದರೆ ತಲೆ ತಿರುಗುತ್ತೆ. ಅದು ಇವತ್ತಿಗೂ ನಡೀತಾ ಇದೆ, ಹೆಸರೂ ಮ್ಯಾಜಿಕ್ ರೌಂಡಬೌಟ್.

ಫ್ರಾನ್ಸಿಗೆ ಬುದ್ಧಿ ಬಂದಿದ್ದು 1980ರ ದಶಕದಲ್ಲಿ. ಸರ್ಕಲ್ಲುಗಳಲ್ಲಿ ಒಳಗಿರುವವನಿಗೆ ಆದ್ಯತೆ ಅಂತ ಬೋರ್ಡ್ ಹಾಕಿದ ಮೇಲೆ ಸಾವಿರ ಸಾವಿರ ಸಂಖ್ಯೆಯಲ್ಲಿ ಕಟ್ಟಿದರು. ಆದರೆ ಲೆತ್ವಾಲ್ ಮಾತ್ರ ಹಳೇ ನಿಯಮದಲ್ಲೇ ಉಳೀತು. ಇವತ್ತಿಗೂ ಅಲ್ಲಿ ಒಳಗೆ ನುಗ್ಗುವವನೇ ರಾಜ, ಸುತ್ತುವವರು ನಿಲ್ಲಬೇಕು. ಅಲ್ಲಿ ಗುದ್ದಾಟ ಆದರೆ ವಿಮಾ ಕಂಪನಿಗಳು ವಿಚಾರಣೆಗೇ ಹೋಗದೆ ಅರ್ಧ ಅರ್ಧ ಹಂಚಿಬಿಡುತ್ತವೆ ಅನ್ನೋದು ಪ್ಯಾರಿಸ್ಸಿಗೆ ಹೋಗಿಬಂದವರೆಲ್ಲ ಹೇಳುವ ಮಾತು. ನಮ್ಮ ಎಳನೀರಿನವರನ್ನ ಕರ್ಕೊಂಡು ಹೋಗಿ ಬಿಟ್ಟಿದ್ದರೆ ಅದೇ ತೀರ್ಪು ಕೊಡ್ತಿದ್ದರು.

ಈಗ ನಮ್ಮ ಕಡೆಗೆ ಬರೋಣ. 1989ರಲ್ಲಿ ಕೇಂದ್ರ ಸರ್ಕಾರ ರಸ್ತೆ ನಿಯಮಗಳನ್ನ ಹೊರಡಿಸಿತು. ಸಿಗ್ನಲ್ ಅಥವಾ ಪೊಲೀಸ್ ಇಲ್ಲದ ಕೂಡುರಸ್ತೆಯಲ್ಲಿ ಏನು ಮಾಡಬೇಕು ಅನ್ನೋದಕ್ಕೆ ಅದರಲ್ಲಿ ಎರಡು ತುಂಡು ಇದೆ. ಪ್ರವೇಶಿಸುತ್ತಿರುವುದು ಮುಖ್ಯರಸ್ತೆ ಅಂತ ಗೊತ್ತುಪಡಿಸಿದ ರಸ್ತೆಗಾದರೆ, ಆ ರಸ್ತೆಯಲ್ಲಿ ಹೋಗುವವರಿಗೆ ದಾರಿ ಬಿಡಬೇಕು. ಉಳಿದ ಕಡೆಯೆಲ್ಲ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಓದಿದ ತಕ್ಷಣ ನನಗೆ ಆ ಹಿರಿಯರ ದನಿ ಕೇಳಿಸಿತು: "ಮೈನ್ ರೋಡಲ್ಲಿ ಬರೋರನ್ನ ನೋಡ್ಕೊಂಡು ಬರಬಾರ್ದಾ?" ಅವರು ಬಾಯಿಗೆ ಬಂದದ್ದು ಹೇಳಿರಲಿಲ್ಲ. ಅವರು ಕಾರು ಓಡಿಸಿದ ಬಹುಪಾಲು ವರ್ಷಗಳ ಪುಸ್ತಕದಲ್ಲಿ ಮೈನ್ ರೋಡ್ ಅನ್ನೋ ಮಾತಿತ್ತು. ಗೊತ್ತುಪಡಿಸಿದ ಮುಖ್ಯರಸ್ತೆ ಅಂದರೆ ಸರ್ಕಾರ ಗೊತ್ತುಪಡಿಸಿದ್ದು, ನಾವು ಅಗಲ ನೋಡಿ ಅಂದುಕೊಂಡಿದ್ದಲ್ಲ ಅನ್ನೋದು ಬೇರೆ ವಿಷಯ. ಆದರೆ ಹಾಗೆ ಗೊತ್ತುಪಡಿಸಿದ ಬೋರ್ಡನ್ನ ಬಡಾವಣೆಗಳಲ್ಲಿ ನೀವು ಯಾವತ್ತಾದರೂ ನೋಡಿದ್ದೀರಾ?

ಎರಡನೇ ತುಂಡಿನಲ್ಲಿ ಒಂದು ತಮಾಷೆ ಇದೆ. ಬಲಗಡೆಯವನಿಗೆ ದಾರಿ ಅನ್ನೋ ಅದೇ ಸಾಲು ಪ್ಯಾರಿಸ್ಸನ್ನ ಲಾಕ್ ಮಾಡ್ತು, ನಮಗೆ ಮಾತ್ರ ಸರಿಯಾದ ಉತ್ತರ ಕೊಡುತ್ತೆ. ಯಾಕಂದ್ರೆ ನಾವು ಎಡಬದಿಯಲ್ಲಿ ಓಡಿಸಿ ಗಡಿಯಾರದ ದಿಕ್ಕಿಗೇ ಸುತ್ತುವವರು. ಒಳಗೆ ಬರುವವನಿಗೆ ಸುತ್ತುತ್ತಿರುವವನು ಬಲಗಡೆಗೆ ಕಾಣ್ತಾನೆ, ಹಾಗಾಗಿ ಬರುವವನೇ ನಿಲ್ಲಬೇಕು. ಹಾಳೆ ಮೇಲೆ ಒಮ್ಮೆ ಬರೆದು ನೋಡಿ. ಬ್ಲ್ಯಾಕ್‌ಮೋರ್ ಕಷ್ಟಪಟ್ಟು ಕಂಡುಕೊಂಡಿದ್ದು ನಮ್ಮ ಪುಸ್ತಕದಲ್ಲಿ ಆ ಒಂದು ಸಾಲಿನಿಂದಲೇ ಸಿಗುತ್ತಿತ್ತು, ಸರ್ಕಲ್ ಅಂತ ಬಿಡಿಸಿ ಹೇಳಿರಲಿಲ್ಲ ಅಷ್ಟೇ. ಬಿಡಿಸಿ ಹೇಳಿದ್ದು 2017ರಲ್ಲಿ, ಹಳೆಯದರ ಜಾಗಕ್ಕೆ ಬಂದ ಚಾಲನಾ ನಿಯಮಾವಳಿಯಲ್ಲಿ: ಸರ್ಕಲ್ಲಿನೊಳಗೆ ಆಗಲೇ ಇರುವ ಗಾಡಿಗೆ, ಒಳಗೆ ಬರುವ ಗಾಡಿಗಿಂತ ಮೊದಲ ಹಕ್ಕು. ಅಂದರೆ ಗೆದ್ದೆ. ಸ್ಪೆಸಿಫಿಕೇಶನ್ ಸಿಕ್ಕಿತು.

ಸಿವಿಲ್ ಓದಿದ ನನ್ನ ಹಾಸ್ಟೆಲ್ ಗೆಳೆಯನಿಗೆ ಫೋನ್ ಮಾಡಿ ಬೀಗಿದೆ. ಅವನು ನಕ್ಕ. ರೋಡ್ಸ್ ಕಾಂಗ್ರೆಸ್ಸಿನ 1976ರ ಸರ್ಕಲ್ ಕೈಪಿಡಿಯನ್ನ ಅವನು ಪರೀಕ್ಷೆಗೆ ಉರು ಹೊಡೆದಿದ್ದ. ಜಡೆ ಹೆಣೆಯುವ ಆ ಹಳೇ ಬ್ರಿಟಿಷ್ ಲೆಕ್ಕಾಚಾರವೇ ಅದರ ತಳಹದಿ. ಎಲ್ಲಾ ರಸ್ತೆ ಸೇರಿ ಗಂಟೆಗೆ ಸುಮಾರು 3000 ಗಾಡಿ, ಅದಕ್ಕಿಂತ ಜಾಸ್ತಿಯಾದರೆ ಸರ್ಕಲ್ ಕೈಯಲ್ಲಿ ಆಗಲ್ಲ ಅಂತ ಅದರಲ್ಲಿದೆಯಂತೆ. "ಬ್ರಿಟಿಷರು 66ರಲ್ಲೇ ಬಿಟ್ಟಿದ್ದನ್ನ ನಾವು 76ರಲ್ಲಿ ಪುಸ್ತಕ ಮಾಡಿದ್ವಿ ಕಣೋ," ಅಂದ. ಬೆಂಗಳೂರಲ್ಲಿ 3000 ದಾಟಿ ಯಾವ ಕಾಲ ಆಯ್ತೋ. ಸರ್ಕಲ್ ಒಡೆದು ಸಿಗ್ನಲ್ ಹಾಕಿದರು, ಮೇಖ್ರಿ ಸರ್ಕಲ್ಲಿನಂಥ ಕಡೆ ಅಂಡರ್‌ಪಾಸ್ ಬಂತು. ಹೆಸರು ಮಾತ್ರ ಸರ್ಕಲ್ ಅಂತಲೇ ಉಳೀತು. ನಾಲ್ಕು ರಸ್ತೆ ಸೇರಿದರೆ ಸಾಕು, ದುಂಡಗಿರಲಿ ಬಿಡಲಿ, ನಮಗದು ಸರ್ಕಲ್ಲೇ. ಹಾಗಾಗಿ ನಿಜವಾದ ಸರ್ಕಲ್ಲಿಗೆ ಬೇರೆ ನಿಯಮ ಇದೆ ಅಂತ ಅನ್ನಿಸೋದಾದರೂ ಹೇಗೆ?

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಗೆಳೆಯನ ಹೆಂಡತಿ ವಕೀಲರು. ಸ್ಪೀಕರಿನಲ್ಲಿ ಕೇಳ್ತಾ ಇದ್ದವರು, "ಹಕ್ಕು ನಿಮ್ಮದೇ ಇದ್ದರೂ ತಪ್ಪು ಪೂರ್ತಿ ಅವರದ್ದೇ ಅಂತೇನಿಲ್ಲ ಅಣ್ಣಾ, ಕತ್ತೆ ಕೇಸ್ ಓದಿ," ಅಂದರು.

ಕತ್ತೆ ಕೇಸ್ 1842ರದ್ದು, ಡೇವಿಸ್ ವಿರುದ್ಧ ಮ್ಯಾನ್. ಅದಕ್ಕೂ ಹಿಂದೆ 1809ರಲ್ಲಿ ಇನ್ನೊಂದು ಕೇಸ್. ಡರ್ಬಿ ಊರಲ್ಲಿ ಒಬ್ಬ ಮನೆ ರಿಪೇರಿಗೆ ಅಂತ ರಸ್ತೆಗೆ ಅಡ್ಡ ಕಂಬ ಹಾಕಿದ್ದ, ಇನ್ನೊಬ್ಬ ಕುದುರೆಯನ್ನ ಜೋರಾಗಿ ಓಡಿಸಿಕೊಂಡು ಬಂದು ಅದಕ್ಕೆ ಸಿಕ್ಕಿ ಬಿದ್ದ. ಕಂಬ ಹಾಕಿದ್ದು ತಪ್ಪೇ. ಆದರೂ ಸವಾರ ನೋಡಿಕೊಂಡು ಬಂದಿದ್ದರೆ ತಪ್ಪಿಸಬಹುದಿತ್ತು, ಹಾಗಾಗಿ ಅವನಿಗೆ ಒಂದು ಕಾಸೂ ಇಲ್ಲ ಅಂತ ತೀರ್ಪಾಯ್ತು. ನಿನ್ನದು ಎಳ್ಳಷ್ಟು ತಪ್ಪಿದ್ದರೂ ಪರಿಹಾರ ಸೊನ್ನೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಕಾನೂನು ಇಷ್ಟು ಕಟುವಾಗಿತ್ತು. ಕತ್ತೆ ಕೇಸಿನಲ್ಲಿ ಒಬ್ಬ ತನ್ನ ಕತ್ತೆಯ ಮುಂಗಾಲು ಕಟ್ಟಿ ರಸ್ತೆಯಲ್ಲಿ ಮೇಯೋಕೆ ಬಿಟ್ಟಿದ್ದ. ಮೂರು ಕುದುರೆಯ ಬಂಡಿಯೊಂದು ಇಳಿಜಾರಿನಲ್ಲಿ ಜೋರಾಗಿ ಬಂದು ಅದರ ಮೇಲೆ ಹರೀತು. ಕತ್ತೆ ಬಿಟ್ಟವನದ್ದು ತಪ್ಪಲ್ಲವಾ? ಇರಬಹುದು, ಆದರೆ ಬಂಡಿಯವನು ಕತ್ತೆಯನ್ನ ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ, ಅವನೇ ಕೊಡಲಿ ಅಂದಿತು ಕೋರ್ಟು. ಯಾರಿಗೆ ಕೊನೇ ಅವಕಾಶ ಇತ್ತೋ ಅವನದ್ದೇ ತಪ್ಪು ಅನ್ನೋ ತತ್ವ ಈ ಕತ್ತೆಯಿಂದ ಬೆಳೀತು.

ಭೂಮಿ ಮೇಲೆ ಹೀಗಾದರೆ ಸಮುದ್ರದಲ್ಲಿ ಬೇರೆ ನ್ಯಾಯ. ಎರಡು ಹಡಗು ಗುದ್ದಾಡಿ ಇಬ್ಬರದ್ದೂ ತಪ್ಪು ಇದ್ದರೆ, ಎಷ್ಟೆಷ್ಟು ಅಂತ ತೂಗದೆ ನಷ್ಟವನ್ನ ಸಮ ಅರ್ಧ ಹಂಚೋದು. ಇದಕ್ಕೆ ಲ್ಯಾಟಿನ್ನಿನಲ್ಲಿ ಒಂದು ಹೆಸರಿತ್ತು, ಅದರ ಅರ್ಥ ಹಳ್ಳಿ ನ್ಯಾಯ. ಓದಿ ಒಬ್ಬನೇ ನಕ್ಕೆ. 1911ರಲ್ಲಿ ಹಡಗುಗಳಿಗೆ, 1945ರಲ್ಲಿ ಉಳಿದ ಎಲ್ಲಕ್ಕೂ, ಬ್ರಿಟಿಷ್ ಪಾರ್ಲಿಮೆಂಟ್ ಹೊಸ ಕಾನೂನು ಮಾಡಿತು. ತಪ್ಪನ್ನ ಶೇಕಡಾವಾರು ತೂಗಿ, ಅಷ್ಟಕ್ಕೆ ಮಾತ್ರ ಪರಿಹಾರ ಕಡಿತ ಮಾಡು ಅಂತ. ನಮ್ಮ ಕೋರ್ಟುಗಳೂ ಅದೇ ತತ್ವ ಹಿಡಿದು ನಡೀತಿವೆ.

ಬಾಗಿಲು, ಬಂಪರಿನ ಮಟ್ಟದಲ್ಲಿ ಈ ತೂಕ ನಮಗೆ ತಟ್ಟಲ್ಲ. ಪೂರ್ತಿ ಪಾಲಿಸಿ ಇದ್ದರೆ ಕಂಪನಿ ರಿಪೇರಿ ಮಾಡಿಕೊಡುತ್ತೆ, ನೋ ಕ್ಲೇಮ್ ಬೋನಸ್ ಹೋಗುತ್ತೆ, ಮುಗೀತು. ತಟ್ಟೋದು ಯಾರಾದರೂ ಸತ್ತಾಗ, ಕೈಕಾಲು ಕಳಕೊಂಡಾಗ. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಸ್ಕೂಟರಿನವನದ್ದೂ ಶೇ. 30 ತಪ್ಪು ಅಂತಾದರೆ, ಹತ್ತು ಲಕ್ಷ ಬರಬೇಕಾದ ಹೆಂಡತಿ ಮಕ್ಕಳಿಗೆ ಏಳು ಲಕ್ಷ ಬರುತ್ತೆ. ಆ ಮೂವತ್ತು ಎಲ್ಲಿಂದ ಬಂತು ಅಂತ ಹುಡುಕಿದರೆ, ಬಹಳ ಸಲ ಪೊಲೀಸರು ಮೊದಲ ದಿನ ಸ್ಥಳ ಮಹಜರು ಮಾಡಿ ಕೈಯಲ್ಲಿ ಬರೆದ ಒಂದು ನಕ್ಷೆಗೆ ಬಂದು ನಿಲ್ಲುತ್ತೆ. ಗಾಡಿಗಳು ಎಲ್ಲಿ ಬಿದ್ದಿದ್ದವು, ರಸ್ತೆ ಎಷ್ಟು ಅಗಲ, ಯಾರು ಯಾವ ಕಡೆಯಿಂದ ಬಂದರು. ಮನೆಯವರು ಆಸ್ಪತ್ರೆಯಲ್ಲಿ ಇರೋ ಹೊತ್ತಿಗೆ ಬರೆದ ನಕ್ಷೆ ಅದು. ಇಂಥ ಜಾಗದಲ್ಲಿ ಗಾಡಿ ಪಕ್ಕಕ್ಕೆ ತೆಗೆಯೋ ಮುಂಚೆ ನಾಲ್ಕು ಫೋಟೋ ಹೊಡ್ಕೊಳ್ಳಿ ಅಂತ ಅದೇ ವಕೀಲರು ಹೇಳಿದರು. ನಾನು ಆವತ್ತು ಹೊಡೆದಿದ್ದು ಒಂದೇ, ಅದೂ ನನ್ನ ಬಾಗಿಲಿನದ್ದು.

ಕತ್ತೆ ಕೇಸ್ ಓದಿದ ಮೇಲೆ ನಿದ್ದೆ ಬರಲಿಲ್ಲ. ಯಾಕಂದ್ರೆ ಇಲ್ಲಿವರೆಗೆ ಬರೆಯದೆ ಬಿಟ್ಟಿದ್ದು ಒಂದಿದೆ. ಆ 800 ಬರೋದನ್ನ ನಾನು ನೋಡಿದ್ದೆ. ದೂರದಿಂದಲೇ. ಅದು ನಿಧಾನ ಮಾಡ್ತಾ ಇಲ್ಲ ಅನ್ನೋದೂ ಗೊತ್ತಾಗಿತ್ತು. ನನ್ನ ಕಾಲು ಬ್ರೇಕಿಗೆ ಹೋಗಲಿಲ್ಲ, ಕೈ ಹಾರ್ನಿಗೆ ಹೋಯ್ತು. ನಾನು ಒಳಗಿದ್ದೀನಲ್ಲ, ಅವರೇ ನಿಲ್ಲಿಸಲಿ ಅಂತ. ಹಾರ್ನ್ ಹೊಡೀತಾನೇ ಮುಂದೆ ಹೋದೆ. ಕೊನೇ ಅವಕಾಶ ಯಾರಿಗಿತ್ತು ಅಂತ ಕೇಳಿದರೆ, ಇಬ್ಬರಿಗೂ ಇತ್ತು.

ನಾಲ್ಕು ದಿನ ಬಿಟ್ಟು ಹಿರಿಯರೇ ಫೋನ್ ಮಾಡಿದರು.

"ನಿಮ್ಮ ಬಾಗಿಲು ಸರಿ ಮಾಡಿಸಿದ್ರಾ?" ಈಗ ಬಹುವಚನ ಬಂದಿತ್ತು.

"ಗ್ಯಾರೇಜಲ್ಲಿದೆ ಸಾರ್. ನಿಮ್ಮ ಹೆಡ್‌ಲೈಟು?"

"ಹಳೇ ಗಾಡಿ, ಪಾರ್ಟ್ಸ್ ಸಿಗ್ತಾ ಇಲ್ಲ ಅಂದ ಮೆಕ್ಯಾನಿಕ್. ಮಗ ಇನ್ಮೇಲೆ ಓಡಿಸಬೇಡಿ ಅಂತಿದಾನೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅಲ್ಲಾ, ನಿಜವಾಗಿ ಅಲ್ಲಿ ಯಾರು ನಿಲ್ಲಿಸಬೇಕಿತ್ತು? ನೀವು ಓದಿದೋರು, ನಿಮಗೆ ಗೊತ್ತಿರಬೇಕು."

2017ರ ನಿಯಮ ನಾಲಿಗೆ ತುದಿಯಲ್ಲೇ ಇತ್ತು. ಹೇಳಿದೆ. 1989ರದ್ದನ್ನೂ ಹೇಳಿದೆ, ಮೈನ್ ರೋಡಿನ ಮಾತು ಅದರಲ್ಲಿತ್ತು ಸಾರ್, ನೀವು ಹೇಳಿದ್ದು ಗಾಳಿ ಮಾತಲ್ಲ ಅಂತ. ಆಮೇಲೆ ಹಾರ್ನ್ ವಿಷಯವನ್ನೂ ಹೇಳಿದೆ.

"ಹಾರ್ನ್ ಕೇಳಿಸ್ತು," ಅಂದರು ಅವರು. "ನೀವು ನಿಲ್ಲಿಸ್ತೀರಿ, ಅದಕ್ಕೇ ಹೊಡೀತಿದೀರಿ ಅಂದ್ಕೊಂಡೆ."